ಮೊದಲ ಸಾಲಿನಲ್ಲಿ ಬರೆಯಬಾರದ ಮಾತು

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಆಫೀಸೆಂದರೆ ನಾನು ಮತ್ತು ಮೇಷ್ಟ್ರು, ಅಷ್ಟೇ. ಕಾಲೇಜಿನ ಪಾಠ ಬಿಟ್ಟು ಬಂದ ಮೇಷ್ಟ್ರು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ವೆಬ್ ಫ್ರೇಮ್‌ವರ್ಕ್ ಕಟ್ಟಿದ್ದರು. ವೆಬ್‌ಸೈಟ್ ಮಾಡುವವರು ಎಲ್ಲವನ್ನೂ ಮೊದಲಿನಿಂದ ಬರೆಯದೆ ಇದರ ಮೇಲೆ ತಮ್ಮದನ್ನು ಕೂರಿಸಿಕೊಳ್ಳಬಹುದಿತ್ತು. ಹೊಸ ವರ್ಷನ್ ಬಂದಾಗಲೆಲ್ಲ ಏನು ಸೇರಿದೆ, ಏನು ಹೋಗಿದೆ, ಎಲ್ಲಿ ಹುಷಾರಾಗಿರಬೇಕು ಎಂದು ಬರೆದು ತಿದ್ದುವುದು ನನ್ನ ಕೆಲಸ. ಅದಕ್ಕೆ ರಿಲೀಸ್ ನೋಟ್ಸ್ ಎನ್ನುತ್ತಾರೆ. ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಇದನ್ನು ಬರೆಯುತ್ತಿದ್ದೆ. ನನ್ನ ಹಣೆಬರಹ!

ಆ ಹೊತ್ತಿಗೆ ಪರದೇಶದ ದೊಡ್ಡ ದೊಡ್ಡ ಫ್ರೇಮ್‌ವರ್ಕ್‌ಗಳು ಪುಕ್ಕಟೆ ಸಿಗುತ್ತಿದ್ದವು. ನಮ್ಮದನ್ನು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೊನೆಗೆ ಉಳಿದವಳು ಒಬ್ಬಳೇ, ಶಿಡ್ಲಘಟ್ಟದ ಒಂದು ಖಾಸಗಿ ಕಾಲೇಜಿನಲ್ಲಿದ್ದ ಅಕ್ಕ. ನನಗಿಂತ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಮೂವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವಳು. ಹುಡುಗರ ಅಂಕಪಟ್ಟಿ, ಹಾಲ್‌ಟಿಕೆಟ್ ಎಲ್ಲವನ್ನೂ ನಮ್ಮ ಫ್ರೇಮ್‌ವರ್ಕಿನ ಮೇಲೆ ಅವಳೇ ಕೂರಿಸಿದ್ದಳು. ವರ್ಷವರ್ಷಕ್ಕೂ ಮುಂದುವರಿಸುವ ಕಾಂಟ್ರಾಕ್ಟ್ ನೌಕರಿ. ಕಾಯಿಲೆಯ ತಾಯಿ, ಅವಳು, ಇಬ್ಬರೂ ಅದರಲ್ಲೇ ಬದುಕಬೇಕಿತ್ತು. ಕಂಪ್ಯೂಟರ್ ಮುಂದೆ ಕೂರುವ ಇನ್ನೊಂದು ಕೆಲಸ ಆ ಊರಲ್ಲಿ ಅವಳಿಗೆ ಯಾರು ಕೊಡುತ್ತಿದ್ದರು?

ಆ ಸಲದ ವರ್ಷನ್ನಿನಲ್ಲಿ ಮೇಷ್ಟ್ರು, ಪುಟಗಳನ್ನು ಜೋಡಿಸಲು ಬಳಸುವ ಸಂಕೇತಗಳಾದ ಹಳೆಯ ಟ್ಯಾಗ್‌ಗಳನ್ನು ಕಿತ್ತುಹಾಕಿದ್ದರು. ಅಕ್ಕನ ಒಂದೊಂದು ಪುಟವೂ ಆ ಟ್ಯಾಗ್‌ಗಳಿಂದಲೇ ಮಾಡಿದ್ದು. ನಾನು ನೋಟ್ಸಿನ ಮೊದಲ ಸಾಲಿನಲ್ಲೇ ಬರೆದೆ: ಹಳೆಯ ಟ್ಯಾಗ್‌ಗಳನ್ನು ತೆಗೆಯಲಾಗಿದೆ, ಪುಟಗಳನ್ನು ಬದಲಾಯಿಸದೆ ಇದನ್ನು ಹಾಕಿಕೊಳ್ಳಬೇಡಿ.

ಮೇಷ್ಟ್ರು ಓದಿ ಮುಖ ಸಿಂಡರಿಸಿದರು. ‘ಏನಮ್ಮ ಇದು? ಬಾಯಿ ತೆಗೀತಿದ್ದಂಗೇ ಅಪಶಕುನ! ದೀಪ ಆರಿಸು ಅಂತೀವಾ ನಾವು? ದೊಡ್ಡದು ಮಾಡು ಅಂತೀವಿ. ಹೋಗ್ತೀನಿ ಅಂತೀವಾ? ಬರ್ತೀನಿ ಅಂತೀವಿ. ಕೆಟ್ಟದ್ದನ್ನ ಬರೀಬಾರ್ದು ಕಣಮ್ಮ, ಬಾಯಲ್ಲಿ ಹೇಳ್ಬೇಕು.’

‘ಸಾರ್, ಇದೇನ್ ಲಗ್ನಪತ್ರಿಕೇನಾ?’ ಎಂದೆ.

‘ನಾನು ಫೋನ್ ಮಾಡಿ ಹೇಳ್ತೀನಿ, ಸುಮ್ನಿರು’ ಎಂದು ಆ ಸಾಲನ್ನು ಅಳಿಸಿಬಿಟ್ಟರು. ಪುಟಗಳು ಮೊದಲಿಗಿಂತ ಬೇಗ ತೆರೆಯುತ್ತವೆ ಎಂಬುದು ಮೊದಲ ಸಾಲಾಯಿತು. ಸೀಡಿಯನ್ನು ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆವು.

ಫೋನನ್ನು ನನ್ನೆದುರಿಗೇ ಮಾಡಿದರು. ‘ಊಟ ಆಯ್ತೇನಮ್ಮ? ತಾಯಿ ಮಂಡಿನೋವು ಹೆಂಗೈತೆ? ಆ ಸೀಡಿ ವಿಚಾರ ಒಂದ್ ಮಾತು…’ ಎಂದವರು ಆ ಕಡೆಯ ಮಾತು ಕೇಳಿ ತಡವರಿಸಿದರು. ‘ಹಂಗಾ? ಒಳ್ಳೇದಾಗ್ಲಮ್ಮ’ ಎಂದು ಇಟ್ಟೇಬಿಟ್ಟರು. ‘ಶುಕ್ರವಾರ ಪೂಜೆ ಮಾಡಿ ಹಾಕ್ಕೊಂತೀನಿ ಸಾರ್ ಅಂದ್ಲು. ಅಂಥ ಹೊತ್ತಲ್ಲಿ ಹೆಂಗೆ ಹೇಳ್ಲಿ? ನಾಳೆ ಹೇಳ್ತೀನಿ.’

ಮರುದಿನ ಕೇಳಿದೆ. ‘ಹೇಳ್ದಂಗೇ ಅಂದ್ಕೊಳಮ್ಮ’ ಎಂದರು. ನಾನು ಹೇಳಿದ್ದಾರೆಂದೇ ತಿಳಿದೆ.

ಶುಕ್ರವಾರ ಬೆಳಿಗ್ಗೆ ಅಕ್ಕನ ಫೋನು. ‘ಒಂದ್ ಪೇಜೂ ತೆರೀತಿಲ್ಲ ಕಣೇ, ಬರೀ ಬಿಳಿ. ಹುಡುಗ್ರೆಲ್ಲ ಹಾಲ್‌ಟಿಕೆಟ್‌ಗೆ ಬಂದು ನಿಂತವ್ರೆ. ಏನ್ ಮಾಡ್ಲೇ?’ ಹಳೆಯ ವರ್ಷನ್ನಿನ ಸೀಡಿ ಹಿಡಿದು ಸಿಕ್ಕಿದ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಕರೆಂಟು ಹೋಗಿತ್ತು. ಅದು ಬಂದು, ಹಳೆಯದನ್ನು ಮತ್ತೆ ಹಾಕಿ, ಪುಟಗಳು ತೆರೆಯುವ ಹೊತ್ತಿಗೆ ಹುಡುಗರೆಲ್ಲ ಬೈದುಕೊಂಡು ಮನೆಗೆ ಹೋಗಿದ್ದರು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, ‘ಬೆಂಗಳೂರ ಕಂಪನಿಯೋರಿಗೆ ಹೇಳಿದೀವಿ. ನಾಳೆಯಿಂದ ಅವರೇ ನೋಡ್ಕೊತಾರೆ, ನೀವು ಬರೋದು ಬೇಡಮ್ಮ’ ಎಂದು ಅಕ್ಕನಿಗೆ ಹೇಳಿ ಹೋದರು. ಜೋರಾಗಿ ಬೈದಿದ್ದರೆ ಎದುರುತ್ತರವನ್ನಾದರೂ ಕೊಡಬಹುದಿತ್ತು.

ಅಕ್ಕ ಅಳಲಿಲ್ಲ. ‘ಮೇಷ್ಟ್ರು ಅವತ್ತು ಅಮ್ಮನ ಮಂಡಿನೋವನ್ನೂ ಕೇಳಿದ್ರು ಕಣೇ’ ಎಂದಳು. ಟ್ಯಾಗಿನ ಮಾತನ್ನು ಅವರು ಹೇಳೇ ಇಲ್ಲವೆಂದು ಆಗ ನನಗೆ ಖಚಿತವಾಯಿತು.

ಆಫೀಸಿಗೆ ಬಂದು ಕೂಗಾಡಿದೆ. ‘ಪೂಜೆ ಕೆಡಬಾರ್ದು ಅಂತ ಅವಳ ಅನ್ನ ಕಿತ್ಕೊಂಡ್ರಲ್ಲ ಸಾರ್!’ ಎಂದೆ. ಮೇಷ್ಟ್ರು ತಲೆಯೆತ್ತದೆ, ‘ಮೊದಲನೇ ಸಾಲಲ್ಲೇ ಹಾಕಮ್ಮ, ನೀನು ಬರ್ದಂಗೇ’ ಎಂದರು. ಹಾಕಿದೆ. ತಿದ್ದಿದ ನೋಟ್ಸನ್ನು ನಮ್ಮ ಸೈಟಿಗೆ ಏರಿಸಿದೆ.

ಕೆಲವು ತಿಂಗಳ ಮೇಲೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ, ದಿನವಿಡೀ ನಿಂತೇ ಇರಬೇಕಂತೆ. ಕಂಪ್ಯೂಟರ್ ಮುಟ್ಟಿ ಎಷ್ಟು ದಿನವಾಯಿತೋ ಎಂದು ನಕ್ಕಳು. ‘ಪೋನೀಲೇ, ಬಿಡು’ ಎಂದಳು ತೆಲುಗು ಬೆರೆಸಿ.

ಸುಮ್ಮನಿರಲಾರದೆ, ‘ನೋಟ್ಸ್ ತಿದ್ದಿದೀವಿ ಅಕ್ಕ. ಈಗ ಮೊದಲನೇ ಸಾಲಲ್ಲೇ ಹಾಕಿದೀವಿ’ ಎಂದುಬಿಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಯಾರು ಓದ್ಲಿ ಅಂತ ಕಣೇ?’ ಎಂದಳು.

ಅಷ್ಟರಲ್ಲಿ ಗೌರಿಬಿದನೂರಿನ ಬಸ್ಸು ಬಂತು. ಸೀಟು ಹಿಡಿಯಲು ಅವಳು ಓಡಿದಳು.