ಬಾಗಿಲಿನ ಕೆಂಪು ಟವಲು

ನಮ್ಮ ಮನೆಯವರನ್ನು ಬೀದಿಯವರೆಲ್ಲ ಕರೆಯುವುದೇ 'ಮೈಕು' ಎಂದು. ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಹೇಳುವುದು ಅವರ ಕಸುಬು. ಮರ್ಯಾದೆಗೆ ಕಸುಬು ಅಂದೆ, ನಿಜಕ್ಕೂ ಅದೊಂದು ರೋಗ. ಮದುವೆಯಾದ ಹೊಸದರಲ್ಲಿ ನಾನು ಲೋಟ ಎತ್ತಿದರೆ ಸಾಕು, "ಎತ್ತಿದರು, ತುಟಿಯ ಹತ್ತಿರ ತಂದರು, ಅಯ್ಯೋ, ಬಿಸಿ! ಕೆಳಗಿಟ್ಟೇಬಿಟ್ಟರು!" ಎಂದು ಶುರು ಮಾಡುತ್ತಿದ್ದರು. ನಕ್ಕೂ ನಕ್ಕೂ ನನಗೆ ಹೊಟ್ಟೆ ಹುಣ್ಣಾಗುತ್ತಿತ್ತು. ಆಮೇಲಾಮೇಲೆ "ಸ್ವಲ್ಪ ಬಾಯಿ ಮುಚ್ರೀ" ಅನ್ನುವುದನ್ನೂ ಕಲಿತೆ.

ಅಷ್ಟರಲ್ಲಿ ಆ ಹಾಳು ಸೋಂಕು ಬಂತು. ಮೈದಾನಗಳಿಗೆ ಬೀಗ ಬಿತ್ತು. ಕೆಲವು ತಿಂಗಳು ಕಳೆದು, ಪ್ರೇಕ್ಷಕರಿಲ್ಲದೆಯೇ ಪಂದ್ಯಗಳು ಶುರುವಾದಾಗ ರೇಡಿಯೋ ಕೇಂದ್ರದವರು, "ಮನೇಲೇ ಕೂತು, ಪರದೆ ನೋಡ್ಕೊಂಡು ಹೇಳಿ" ಎಂದುಬಿಟ್ಟರು. ನಮ್ಮದೇನು ಅರಮನೆಯೇ? ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ಅದಕ್ಕಂಟಿಕೊಂಡ ಪುಟ್ಟ ಉಗ್ರಾಣ. ಇವರು ಉಗ್ರಾಣದ ಡಬ್ಬಗಳನ್ನೆಲ್ಲ ಮಂಚದಡಿಗೆ ತಳ್ಳಿ, ಸದ್ದು ತಡೆಯಲೆಂದು ಗೋಡೆಗೆ ರಜಾಯಿ ಹೊಡೆದು ಒಳಗೆ ಸೇರಿಕೊಂಡರು. ನೇರ ಪ್ರಸಾರ ನಡೆಯುತ್ತಿದೆ ಎನ್ನುವುದಕ್ಕೆ ಗುರುತಾಗಿ ಬಾಗಿಲಿಗೊಂದು ಕೆಂಪು ಟವಲು ಕಟ್ಟಿದರು. ಟವಲು ನೇತಾಡುತ್ತಿದ್ದರೆ ಮನೆಯಲ್ಲಿ ಒಂದು ಚಮಚವೂ ಸದ್ದು ಮಾಡುವಂತಿಲ್ಲ.

ಅವರದು ಬಾಯಿಯ ಕೆಲಸವಾದರೆ ನನ್ನದು ಕಿವಿಯ ಕೆಲಸ. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ, ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡಬೇಕು. ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಸುಮ್ಮನಾಗುತ್ತಾರೆ. ನಮ್ಮ ಯಜಮಾನರಿಗೂ ಇಂಥದ್ದೊಂದು ಪೆಡಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅಡುಗೆಮನೆಯ ಮೇಜಿನ ಈ ತುದಿಯಲ್ಲಿ ನಾನು. ಆ ತುದಿಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಆನಿಸಿಕೊಂಡು, ಎರಡನೇ ತರಗತಿಯ ಪಾಠ ಕೇಳುವ ನಮ್ಮ ಮಗಳು ಗುಬ್ಬಿ. ಆ ಅಡ್ಡಹೆಸರು ಬಿದ್ದದ್ದೇ ಅವಳ ಚಿಲಿಪಿಲಿಗೆ.

ಒಂದು ಬೆಳಗ್ಗೆ ಅವಳ ಟೀಚರ್ ಫೋನು ಮಾಡಿದರು.

"ನಿಮ್ಮ ಮಗಳು ಆನ್‌ಲೈನ್ ಪಾಠ ಶುರುವಾದಾಗಿಂದ ಒಂದು ಮಾತೂ ಆಡಿಲ್ಲಮ್ಮ. ಏನ್ ಕೇಳಿದ್ರೂ ಬರೀ ತಲೆ ಆಡಿಸ್ತಾಳೆ. ಇವತ್ತು ಬಾಯಿ ಪರೀಕ್ಷೆ. ಇವತ್ತೂ ಹೀಗೇ ಆದ್ರೆ ಮುಂದಿನ ತರಗತಿಗೆ ನಾನ್ ಹೇಗೆ ಕಳಿಸ್ಲಿ, ಹೇಳಿ?"

ಮಾತಾಡದಿರುವುದು ನನ್ನ ಗುಬ್ಬಿಯೇ? ಪಕ್ಕದಲ್ಲೇ ಕೂತಿರುತ್ತೇನೆ, ಆದರೆ ನನ್ನ ಕಿವಿ ತುಂಬ ಡಾಕ್ಟರು! ಯಾಕೆಂದು ಕೇಳಿದರೆ "ಸುಮ್ನೆ" ಎಂದು ಹೇಳಿ ಓಡಿಹೋದಳು. ಇವರು ಎದೆಯುಬ್ಬಿಸಿ, "ನಾನಿದ್ದೀನಲ್ಲೇ, ಪಕ್ಕದಲ್ಲೇ ಕೂತು ಮಾತಾಡಿಸ್ತೀನಿ, ನೋಡ್ತಿರು" ಎಂದರು. ಅಷ್ಟು ಹೇಳಿ ಬಾಯಿ ಮುಚ್ಚಿರಲಿಲ್ಲ, ಸಂಜೆಯ ಪಂದ್ಯ ಬೆಳಗ್ಗೆಗೇ ಬಂದಿದೆ ಎಂದು ಕೇಂದ್ರದಿಂದ ಕರೆ ಬಂತು. ಮೆಲ್ಲಗೆ ಉಗ್ರಾಣದೊಳಗೆ ಜಾರಿಕೊಂಡರು.

"ಹೋಗ್ರೀ, ಹೋಗಿ. ಊರಿಗೆಲ್ಲ ಕೂಗಿ ಹೇಳಿ, ಮಗಳ ಹತ್ರ ಮಾತ್ರ ಮಾತಾಡ್ಬೇಡಿ!" ಎಂದು ಬೆನ್ನಿಗೇ ಉಗಿದೆ.

ಹೆಡ್‌ಫೋನು ಕಿತ್ತಿಟ್ಟೆ. ಡಾಕ್ಟರು ಬೇಕಾದರೆ ಕಾಯಲಿ. ಕೈ ಸುಮ್ಮನಿರದೆ ಹಾಲು ಒಲೆಗಿಟ್ಟು, ಅಲ್ಲೇ ನಿಂತುಕೊಂಡೆ. ಮೊಬೈಲಿನಲ್ಲಿ ಪರೀಕ್ಷೆ ಶುರುವಾಗಿ, ಒಬ್ಬೊಬ್ಬರೇ ಮಕ್ಕಳು ಹೇಳುತ್ತಾ ಬಂದರು.

"ಈಗ ನಿನ್ನ ಸರದಿ ಪುಟ್ಟಿ," ಎಂದರು ಟೀಚರ್. "ನಿನ್ನ ಕಣ್ಣೆದುರು ಏನು ನಡೀತಿದೆಯೋ ಅದನ್ನೇ ಹೇಳು. ಎರಡೇ ನಿಮಿಷ."

ಗುಬ್ಬಿ ತುಟಿ ಬಿಗಿದು ಕೂತಳು. "ಹೇಳೇ ಬಂಗಾರ" ಎಂದು ಪಿಸುಗುಟ್ಟಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಉಗ್ರಾಣದ ಬಾಗಿಲು ತೋರಿಸಿದಳು.

"ಶ್, ಅಮ್ಮಾ! ಟವಲು ಇದೆ. ಸದ್ದಾದ್ರೆ ಅಪ್ಪನ್ನ ಕೆಲ್ಸದಿಂದ ತೆಗೀತಾರೆ. ಅಪ್ಪನೇ ಹೇಳಿದ್ದು."

ಅಯ್ಯೋ ನನ್ನ ಕಂದಾ! ಆ ಟವಲು ಯಾವಾಗ ಇರುತ್ತಿರಲಿಲ್ಲ? ಕಟ್ಟಿದ ಮೇಲೆ ತೆಗೆಯಬೇಕು ಅನ್ನುವುದು ಈ ಮಹಾನುಭಾವರಿಗೆ ಒಂದು ದಿನವಾದರೂ ನೆನಪಾಗಿದ್ದರೆ ತಾನೇ! ಪಂದ್ಯ ಮುಗಿದು ಅವರು ಒಳಗೆ ಗೊರಕೆ ಹೊಡೆಯುತ್ತಿದ್ದರೂ, ಅಪ್ಪನ ಕೆಲಸ ಉಳಿಸಲು ಮಗು ಹೊರಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು.

ಆದರೆ ಇವತ್ತು ಟವಲು ಸುಳ್ಳಲ್ಲ. ಒಳಗೆ ನಿಜಕ್ಕೂ ನೇರ ಪ್ರಸಾರ ನಡೆಯುತ್ತಿತ್ತು. ಮೊಬೈಲಿನಲ್ಲಿ ಟೀಚರ್, "ಮುಂದಿನವರನ್ನ ಕರೀಲಾ?" ಎನ್ನುತ್ತಿದ್ದರು. ನನಗೆ ಅದೇನು ಆವೇಶ ಬಂತೋ, ಹೋಗಿ ಟವಲು ಕಿತ್ತು ನೆಲಕ್ಕೆ ಬಿಸಾಕಿದೆ.

"ಕೂಗು ಮಗಳೇ! ಏನಾದ್ರೂ ಆಗ್ಲಿ, ನಾನಿದ್ದೀನಿ!"

ಗುಬ್ಬಿ ಬಾಗಿಲು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಒಲೆ ನೋಡಿದಳು. ಉಸಿರೆಳೆದುಕೊಂಡಳು.

"ಕೇಳುಗರಿಗೆ ನಮಸ್ಕಾರ! ನಾವೀಗ ಅಡುಗೆಮನೆಯಲ್ಲಿದ್ದೇವೆ. ಹಾಲು ಸದ್ಯಕ್ಕೆ ಶಾಂತವಾಗಿದೆ. ಇಲ್ಲ, ಇಲ್ಲ! ಬಲಗಡೆಯಿಂದ ಗುಳ್ಳೆಗಳು ಮುನ್ನುಗ್ಗುತ್ತಿವೆ! ಎಡಗಡೆಯಿಂದಲೂ ಬಂದೇಬಿಟ್ಟವು! ಕೆನೆ ಒಂದೇ ಅಡ್ಡ ನಿಂತಿದೆ, ತಡೆಯುತ್ತಿದೆ, ತಡೆಯುತ್ತಿದೆ..."

ಅಪ್ಪನದೇ ಗತ್ತು, ಅಪ್ಪನದೇ ಏರಿಳಿತ! ಮೊಬೈಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಅರಚತೊಡಗಿದರು. ಅರ್ಧ ಜನ ಹಾಲಿನ ಕಡೆ, ಅರ್ಧ ಜನ ಕೆನೆಯ ಕಡೆ. ಸುಮ್ಮನಿರಿಸಬೇಕಾಗಿದ್ದ ಟೀಚರೇ "ಹೂಂ, ಆಮೇಲೆ? ಆಮೇಲೆ?" ಎನ್ನುತ್ತಿದ್ದರು.

ಉಗ್ರಾಣದ ಬಾಗಿಲು ತೆರೆಯಿತು. ಕುತ್ತಿಗೆಗೆ ಹೆಡ್‌ಫೋನು ಜಾರಿಸಿಕೊಂಡು, ಕೈಯಲ್ಲಿ ಮೈಕು ಹಿಡಿದು ಇವರು ನಿಂತಿದ್ದರು. ಮೈದಾನದಲ್ಲಿ ಯಾರೋ ಬಿದ್ದು ಆಟ ನಿಂತಿತ್ತಂತೆ. ಹೆಡ್‌ಫೋನಿನೊಳಗಿಂದ ಕೇಂದ್ರದವರ ಕಿರುಚಾಟ ನನಗೂ ಕೇಳಿಸುತ್ತಿತ್ತು: "ಯಾರ್ರೀ ಅದು? ಎಲ್ಲಿಯ ಹಾಲ್ರೀ?" ನಾನು ಕಂಡಂತೆ ಮೊದಲ ಸಲ ಆ ಬಾಯಿಂದ ಮಾತು ಹೊರಡಲಿಲ್ಲ. ಇವರು ಮಗಳ ಪಕ್ಕ ಮಂಡಿಯೂರಿ, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

ಹಾಲು ಏರಿತು. ನನ್ನ ಕೈ ತಾನಾಗಿಯೇ ಒಲೆಯ ಕಡೆ ಹೋಯಿತು.

"ಅಮ್ಮನ ಕೈ ಒಲೆಯ ಹತ್ತಿರ ಬಂತು!" ಗುಬ್ಬಿಯ ದನಿ ಸಣ್ಣಗಾಯಿತು. "ಕೇಳುಗರೇ, ಆಟ ಇಲ್ಲಿಗೇ ಮುಗಿಯುತ್ತದೆಯೇ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಇಲ್ಲ! ಅಮ್ಮ ಒಲೆ ಆರಿಸಲಿಲ್ಲ! ಅಮ್ಮ ಅಳುತ್ತಿದ್ದಾರೆ! ನಗುತ್ತಲೂ ಇದ್ದಾರೆ! ಹಾಲು ಅಂಚಿಗೆ ಬಂತು, ಬಂತು, ಅಮ್ಮಾ ಉಕ್ಕತ್ತೆ..."

"ಉಕ್ಕಲಿ ಬಿಡೇ," ಎಂದೆ. "ನೀನು ಹೇಳ್ತಾ ಹೋಗು."