ಅಕ್ಕನ ಮಗಳನ್ನು ಒಲ್ಲೆನೆಂದ ಮೇಷ್ಟ್ರು

1957ರ ಮಾಘದಲ್ಲಿ, ಸೊರಬದ ತಮ್ಮ ಅಕ್ಕನ ಮನೆಯಲ್ಲಿ, ಗಣಿತದ ಮೇಷ್ಟ್ರು ನಿಶ್ಚಯದ ತಾಂಬೂಲದ ತಟ್ಟೆಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಸೀಮೆಸುಣ್ಣ ಹಿಡಿದು ಹಿಡಿದು ಒಡೆದಿದ್ದ ಬೆರಳುಗಳು. ನಾನು ಪಕ್ಕದಲ್ಲೇ ಕೂತಿದ್ದೆ.

ಶಿಕಾರಿಪುರದ ಶಾಲೆಯಲ್ಲಿ ನಾವಿಬ್ಬರೂ ಮೇಷ್ಟ್ರು. ವಾಸ ಒಂದೇ ಕೋಣೆಯಲ್ಲಿ. ದಿನಾ ಬೆಳಿಗ್ಗೆ ಅವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತು ಒಂದೊಂದೇ ಸದ್ದು ಗುರುತಿಸುತ್ತಿದ್ದರು: "ಬಾವಿ ರಾಟೆ. ಎತ್ತಿನ ಗಂಟೆ. ಪಕ್ಕದ ಮನೆ ಮಗು." ಆಮೇಲೆ ನನ್ನನ್ನು ಕೇಳುವರು: "ನಿಮಗೂ ಇಷ್ಟೇ ಕೇಳಿಸ್ತೇನ್ರೀ?"

"ನಿಮ್ಮ ಗೊರಕೆ ನಿಂತಿದ್ದೂ ಕೇಳಿಸ್ತು" ಎಂದೆ ಒಮ್ಮೆ. ನಕ್ಕರು. ಮತ್ತೆ ಅದನ್ನೇ ಕೇಳಿದರು.

ಕಾರಣ ತಿಳಿದದ್ದು ನಂತರ. ಅವರ ತಾಯಿ ಮೊದಲು ಮಾತು ಬಿಟ್ಟರಂತೆ. ಆಮೇಲೆ ವಿಷ ಹಾಕಿದ್ದಾರೆಂದು ಬೇರೆಯವರು ಬಡಿಸಿದ್ದನ್ನು ಒಲ್ಲೆನೆಂದರು. ಕೊನೆಗೆ ಯಾರಿಗೂ ಕೇಳದ ದನಿಗಳಿಗೆ ಉತ್ತರ ಕೊಡತೊಡಗಿದರು. ಮೇಷ್ಟ್ರ ಹಿರಿಯಣ್ಣನನ್ನು ಹಾಲುಗೂಸಾಗಿದ್ದಾಗಲೇ ಕುಬಟೂರಿನ ಚಿಕ್ಕಮ್ಮನಿಗೆ ಸಾಕಲು ಕೊಟ್ಟಿದ್ದರು. ತಾಯಿಯ ಕಾಯಿಲೆಯನ್ನು ಅವನು ಕಂಡೇ ಇರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಅವನಿಗೂ ಅವೇ ಮೂರು, ಅದೇ ಕ್ರಮದಲ್ಲಿ. ಮನೆಯವರು ಗಾಳಿ ಸೋಂಕೆಂದು ತಾಯಿತ ಕಟ್ಟಿಸಿದರು. ಅವನು ಒಂದು ದಿನ ಎದ್ದು ಹೋದವನು ಸಿಗಲಿಲ್ಲ.

"ನೋಡಿ ಕಲಿತದ್ದಲ್ಲ ಇದು, ಹುಟ್ಟಿನಲ್ಲೇ ಬಂದದ್ದು" ಎನ್ನುತ್ತಿದ್ದರು ಮೇಷ್ಟ್ರು. "ಎಲ್ಲರಿಗೂ ಬರಲ್ಲ. ಯಾರಿಗೆ ಅನ್ನೋದೇ ಗೊತ್ತಾಗಲ್ಲ."

ಸುದ್ದಿ ಹರಡಿ ಹೊರಗಿನವರು ಆ ಮನೆಯ ಸಂಬಂಧ ಬಿಟ್ಟಿದ್ದರು. ಹಾಗಾಗಿ ಮಗಳನ್ನು ತಮ್ಮನಿಗೇ ಕೊಡುವುದೆಂದು ಅಕ್ಕ ತೀರ್ಮಾನಿಸಿದ್ದರು. ತಮ್ಮ ತಾಂಬೂಲದ ತಟ್ಟೆ ಸರಿಸಿದ ಕೂಡಲೇ ಕೇಳಿದರು:

"ಹೊರಗಿನೋರು ಬರಲ್ಲ ಅಂತ ಗೊತ್ತಿದ್ದೂ ನೀನೇ ಹಿಂಗಂದ್ರೆ ಹೆಂಗೋ? ಸೋದರಮಾವ ಅಂತ ಇರೋದಾದ್ರೂ ಯಾಕೆ?"

"ಅಮ್ಮಂದು ನಿನ್ನಲ್ಲೂ ಇರಬಹುದು, ನನ್ನಲ್ಲೂ ಇರಬಹುದು ಅಕ್ಕ. ಎರಡನ್ನೂ ಒಂದೇ ಮಗುವಿಗೆ ಕೊಡೋದು ಬೇಡ."

ಬಾಗಿಲ ಹಿಂದಿನಿಂದ, ತನ್ನ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು, ಹುಡುಗಿ ಅಂದಳು: "ಲೆಕ್ಕ ಚೆನ್ನಾಗಿದೆ ಮಾವ. ನನ್ನನ್ನ ಯಾವ ಸಾಲಿಗೆ ಬರೆದ್ರಿ?"

ಮೇಷ್ಟ್ರು ಎದ್ದು ಚಪ್ಪಲಿ ಹಾಕಿಕೊಂಡರು.

ಮರುವರ್ಷ ವಿಷಯ ಮುಚ್ಚಿಟ್ಟು ಅವಳನ್ನು ಬಯಲುಸೀಮೆಯ ಕಡೆ ಕೊಟ್ಟರು. "ಕಾಯಿಲೆ ವಿಷಯ ಹೇಳಿಯೇ ಹುಡುಗಿ ಕೊಡಿ" ಎಂದಿದ್ದ ಮೇಷ್ಟ್ರಿಗೆ ಮದುವೆಯ ಕರೆ ಬರಲಿಲ್ಲ. 1959ರಲ್ಲಿ, ಹೆಣ್ಣು ಮಗುವಾಗಿ ಮೂರು ತಿಂಗಳಿಗೆ ಅವಳು ಮಾತು ಬಿಟ್ಟಳು. ಆಮೇಲೆ ಅತ್ತೆ ಬಡಿಸಿದ ತಟ್ಟೆಯನ್ನು ನೂಕಿದಳು. ಗಂಡನ ಮನೆಯವರು ತಾಯಿ ಮಗುವನ್ನು ಸೊರಬಕ್ಕೆ ತಂದುಬಿಟ್ಟು ಹೋದರು.

ಆಗಿನಿಂದ ಮೇಷ್ಟ್ರು ಪ್ರತಿ ಭಾನುವಾರ ಸೊರಬದ ಬಸ್ಸು ಹತ್ತಿದರು. ಅವಳ ತಟ್ಟೆಯಿಂದ ಮೊದಲ ತುತ್ತು ತಾವೇ ತಿನ್ನುವರು. "ನಾನು ತಿಂದೆ ನೋಡು. ಈಗ ನೀನು." ನಾನು ಜೊತೆಗೆ ಹೋದ ದಿನ ಅವಳು ನಾಲ್ಕು ತುತ್ತು ತಿಂದಳು. ಐದನೆಯದಕ್ಕೆ ಖಾಲಿ ಮೂಲೆಯ ಕಡೆ ತಿರುಗಿ "ಆಯ್ತು, ಬಿಡ್ತೀನಿ" ಎಂದು ಕೈ ತೊಳೆದಳು.

"ಮೂರನೆಯದೂ ಬಂತು" ಎಂದರು ಮೇಷ್ಟ್ರು, ಬಸ್ಸಿನಲ್ಲಿ.

ಅವರು ಮದುವೆಯಾಗಲಿಲ್ಲ. ಆ ಕಾಯಿಲೆ ಅವರಿಗೆ ಬರಲೂ ಇಲ್ಲ. ಇಪ್ಪತ್ತು ವರ್ಷದ ಮೇಲೆ, ನೌಕರಿಯಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡರು.

ಮರುವರ್ಷ ಅಕ್ಕನ ಮನೆಯಿಂದ ನನಗೊಂದು ಲಗ್ನಪತ್ರಿಕೆ ಬಂತು. ವಧು, ಅಜ್ಜಿಯ ಮನೆಯಲ್ಲೇ ಬೆಳೆದ ಆ ಮಗು. ವರ, ಅಕ್ಕನ ಕಿರಿಯ ಮಗ; ವಧುವಿನ ಸೋದರಮಾವ.