ಕೇಳದೆ ಬಿಟ್ಟ ಮಾನ

ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಸರಕು ಕಚೇರಿಯೊಂದರಲ್ಲಿ ನನ್ನ ಕೆಲಸವೇ ಅಳತೆ ಬದಲಿಸುವುದು. ಒಂದು ಹಡಗಿನ ಕಾಗದದಲ್ಲಿ ಪೌಂಡ್, ಇನ್ನೊಂದರಲ್ಲಿ ಲಾಂಗ್ ಟನ್, ಮತ್ತೊಂದರಲ್ಲಿ ಘನ ಅಡಿ. ಎಲ್ಲವನ್ನೂ ಕಿಲೋಗೆ, ಘನ ಮೀಟರಿಗೆ ತರಬೇಕು. ಕೈಕೆಳಗಿನವರು ಅಂಕಿಯ ಮುಂದೆ ಅಳತೆಯ ಮಾನ ಬರೆಯದಿದ್ದರೆ ಕಾಗದವನ್ನೇ ವಾಪಸ್ ಎಸೆಯುತ್ತೇನೆ. "ನಲವತ್ತು ಅಂದ್ರೆ ನಲವತ್ತು ಏನ್ರೀ? ಕತ್ತೆನೋ ಕುದುರೆನೋ?" ಸಿಟ್ಟು ಬಂದಾಗ ನನಗೆ ಕನ್ನಡವೇ ಬರುವುದು. ಪಾಪ, ಅವರಿಗೆ ಅರ್ಥವಾಗದಿದ್ದರೂ ಹೆದರುತ್ತಾರೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ನನ್ನದೂ ಅದೇ ಕಥೆ.

ಮಗಳು ತಿರುವನಂತಪುರದಲ್ಲಿ ಓದುತ್ತಾಳೆ, ಹಾಸ್ಟೆಲ್ ಕಳಕ್ಕೂಟಂನಲ್ಲಿ. ಕೊಚ್ಚಿಯಲ್ಲೇ ಬೆಳೆದವಳು. ನನ್ನ ಹತ್ತಿರ ಕನ್ನಡ ಮಾತಾಡಿದರೂ ಅಂಕಿ ಮಾತ್ರ ಮಲಯಾಳದಲ್ಲೇ. ಒಂದು ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದಳು. ನಾನು ಕ್ರೇನಿನ ಪಕ್ಕ ನಿಂತಿದ್ದೆ.

"ಅಪ್ಪಾ, ಜ್ವರ. ಮುಪ್ಪತ್ತೊಂಬದ್ ಇದೆ."

ಮೂವತ್ತೊಂಬತ್ತು ಎಂದಿದ್ದಳು. ಕ್ರೇನಿನ ಸದ್ದು ಮೊದಲರ್ಧ ನುಂಗಿ, ನನಗೆ ಕೇಳಿದ್ದು ಕೊನೆಯ 'ತ್ತೊಂಬದ್' ಅಷ್ಟೇ. ಮೈಸೂರಿನಲ್ಲಿ ಅಮ್ಮ ನನ್ನ ಕಂಕುಳಿಗಿಡುತ್ತಿದ್ದ ಪಾದರಸದ ಫ್ಯಾರನ್‌ಹೀಟ್ ಕಡ್ಡಿಯಲ್ಲಿ ಜ್ವರ ಶುರುವಾಗುತ್ತಿದ್ದುದೇ ತೊಂಬತ್ತೊಂಬತ್ತಕ್ಕೆ. ಉಳಿದದ್ದನ್ನು ಕಿವಿಯೇ ತುಂಬಿಕೊಂಡು ತೊಂಬತ್ತೊಂಬತ್ತು ಮಾಡಿತು. ಯಾವ ಮಾನ ಎಂದು ನಾನು ಕೇಳಲಿಲ್ಲ.

"ಅಷ್ಟೂ ಒಂದು ಜ್ವರಾನಾ? ಗಂಜಿ ಕುಡಿದು ಮಲಗು ಮರಿ."

ಹೆಂಡತಿ ಅಕ್ಕನ ಮನೆಗೆಂದು ಮೈಸೂರಿಗೆ ಹೋಗಿದ್ದಳು. ಸುಮ್ಮನೆ ಗಾಬರಿ ಯಾಕೆ ಎಂದು ಅವಳಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಗಳ ರೂಮಿನಲ್ಲಿರುವ ಕಾಸರಗೋಡಿನ ಹುಡುಗಿ ಥರ್ಮಾಮೀಟರಿನ ಫೋಟೋ ಕಳಿಸಿದಳು. 39.5. ಪಕ್ಕದಲ್ಲಿ ಚಿಕ್ಕದಾಗಿ ಸೆಲ್ಸಿಯಸ್ ಗುರುತು. ಹಿಂದೆಯೇ ಫೋನು ಬಂತು: "ಅವಳಿಗೆ ಏಳ್ಲಿಕ್ಕೂ ಆಗ್ತಾ ಇಲ್ಲ ಅಂಕಲ್. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ."

ಫ್ಯಾರನ್‌ಹೀಟಿಗೆ ತರಲು ಒಂದು ಪಾಯಿಂಟ್ ಎಂಟರಿಂದ ಗುಣಿಸಿ ಮೂವತ್ತೆರಡು ಕೂಡಿಸಬೇಕು. ನನಗದು ಎರಡು ಕ್ಷಣದ ಕೆಲಸ. ನೂರಾಮೂರು.

ಸಿಕ್ಕ ರೈಲು ಹತ್ತಿದೆ. ರೈಲನ್ನು ತಳ್ಳಲಾಗುತ್ತದೆಯೇ? ಆ ಹುಡುಗಿ ಆಗಾಗ ಅಂಕಿ ಕಳಿಸುತ್ತಿದ್ದಳು, ನಾನು ಬದಲಿಸಿಕೊಳ್ಳುತ್ತಿದ್ದೆ. ಕೊಲ್ಲಂ ದಾಟುವಾಗ ನಲವತ್ತು. ಅಂದರೆ ನೂರಾನಾಲ್ಕು. ಲೆಕ್ಕವೆಲ್ಲ ಸರಿಯಾಗಿತ್ತು, ಅದರಿಂದ ಅವಳಿಗೆ ಏನೂ ಉಪಯೋಗವಿರಲಿಲ್ಲ.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಓಡಿದೆ. ನಿನ್ನೆಯೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರಮ್ಮ ಕೇಳಿದರು. ನಾನು ಮಗಳ ಮಂಚದ ಕಡೆ ನಡೆದೆ.

ಕೈಗೆ ಡ್ರಿಪ್ ಹಾಕಿದ್ದರು. ಜ್ವರ ಇನ್ನೂ ಇಳಿದಿರಲಿಲ್ಲ. ಹಣೆ ಮುಟ್ಟಿದಾಗ ಮಗಳು ಕಣ್ಣು ಬಿಟ್ಟಳು.

"ನಿನ್ನೇನೇ ಆಸ್ಪತ್ರೆಗೆ ಹೋಗಬಾರದಿತ್ತಾ ಮರಿ?" ಎಂದೆ. ಅವಳನ್ನೇ ಕೇಳಲು ನನಗೆ ನಾಚಿಕೆಯೂ ಆಗಲಿಲ್ಲ.

"ಹೋಗೋಣ ಅಂತಾನೇ ಇದ್ದೆ ಅಪ್ಪಾ. ನೀವು ಮಲಗು ಅಂದ್ರಿ. ಅಳತೆ ನಿಮಗೆ ಗೊತ್ತಿರುತ್ತಲ್ಲ, ಅದಕ್ಕೇ ಮಲಗಿದೆ."